ವಿದೇಶದ ಕ್ರೀಡಾಕೂಟಕ್ಕೆ ಹೊರಟಿದ್ದೀರಾ? ಎಂಟು ವಾರ ಮೊದಲಿನಿಂದ ಸನ್ಮಾನದ ದಿನದವರೆಗೆ ಸೋಂಕು ತಪ್ಪಿಸುವ ಮಾರ್ಗದರ್ಶಿ

ತೋರಣಗಲ್ಲಿನಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾದ ಮೇಲೆ ದೊಡ್ಡ ಕ್ರೀಡಾಕೂಟ ಅನ್ನುವುದು ಬಳ್ಳಾರಿ ಸೀಮೆಯವರಿಗೆ ಟಿವಿಯಲ್ಲಿ ನೋಡುವ ಸಂಗತಿಯಾಗಿ ಮಾತ್ರ ಉಳಿದಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ಚಾಂಪಿಯನ್‌ಶಿಪ್ ಅಲ್ಲೇ ನಡೆಯಿತು. ಈಗ ವೈದ್ಯನಾದ ನನ್ನ ಕ್ಲಿನಿಕ್ಕಿಗೆ ಫಿಟ್‌ನೆಸ್ ಸರ್ಟಿಫಿಕೇಟ್ ಕೇಳಿಕೊಂಡು ಬರುವವರಲ್ಲಿ ಪಾಸ್‌ಪೋರ್ಟ್ ಹಿಡಿದವರೂ ಇರುತ್ತಾರೆ: ಆಡಲು ಹೋಗುವವರು, ಆಡಿಸಲು ಹೋಗುವವರು, ಮಗ ದುಬೈನಲ್ಲೋ ಅಮೆರಿಕದಲ್ಲೋ ಇದ್ದಾನೆ, ಹಾಗೇ ಒಂದು ಮ್ಯಾಚ್ ನೋಡಿ ಬರೋಣ ಎಂದು ಹೊರಟವರು. ಹೆಚ್ಚಿನವರು ಬರುವುದು ಹೊರಡಲು ನಾಲ್ಕು ದಿನ ಉಳಿದಾಗ. "ಒಂದು ಸಹಿ ಹಾಕಿಬಿಡ್ರಿ ಸಾರ್, ಹುಡುಗ ಗಟ್ಟಿ ಅದಾನ."

ಹುಡುಗ ಗಟ್ಟಿ ಇರುತ್ತಾನೆ, ಅದರಲ್ಲಿ ಅನುಮಾನವಿಲ್ಲ. ಆದರೆ ನಾಲ್ಕು ದಿನದಲ್ಲಿ ಯಾವ ಲಸಿಕೆಯೂ ಪೂರ್ತಿ ಕೆಲಸ ಮಾಡುವುದಿಲ್ಲ.

ಅವರು ಕೇಳುವ ಪ್ರಶ್ನೆ ಮಾತ್ರ ಯಾವಾಗಲೂ ಒಂದೇ: "ಅಲ್ಲಿ ಯಾವುದೋ ಹೊಸ ವೈರಸ್ ಬಂದೈತಂತಲ್ರಿ?" 2016ರ ರಿಯೋ ಒಲಿಂಪಿಕ್ಸ್ ವೇಳೆ ಇಡೀ ಲೋಕ ಜಿಕಾ ಎಂದು ಹೆದರಿತ್ತು. ಕೂಟ ಮುಗಿದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೇನೆಂದರೆ, ಅಲ್ಲಿಗೆ ಹೋಗಿಬಂದವರಲ್ಲಿ ಜಿಕಾ ದೃಢಪಟ್ಟ ಪ್ರಕರಣ ಒಂದೂ ಇಲ್ಲ. ಅದೇ 2018ರ ಪ್ಯೊಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ವಾಂತಿ-ಭೇದಿ ತರುವ ನೊರೊವೈರಸ್ ಕಾಣಿಸಿಕೊಂಡು ಸುಮಾರು 1,200 ಭದ್ರತಾ ಸಿಬ್ಬಂದಿಯನ್ನು ಕೆಲಸದಿಂದ ದೂರ ಇಡಬೇಕಾಯಿತು. ಅವರ ಜಾಗಕ್ಕೆ 900 ಸೈನಿಕರನ್ನು ಕರೆಸಿದರು. ದೊಡ್ಡ ಕೂಟಗಳಲ್ಲಿ ಆಟ ಕೆಡಿಸುವುದು ಹೆಸರು ಕೇಳಿದರೆ ನಡುಗುವ ರೋಗಗಳಲ್ಲ. ದಡಾರ, ಫ್ಲೂ, ಕೋವಿಡ್, ವಾಂತಿ-ಭೇದಿ, ಚರ್ಮದ ಹುಳುಕಡ್ಡಿ, ಇಂಥವೇ. ಈ ಬರಹವೂ ಅವುಗಳ ಸುತ್ತಲೇ ಇದೆ.

ಹಂತ 1: ಎಂಟು ವಾರ ಮೊದಲು ತಾಯಿ ಕಾರ್ಡ್ ಹುಡುಕಿ

ಮೊದಲ ಕೆಲಸ ಆಸ್ಪತ್ರೆಯದ್ದಲ್ಲ, ಮನೆಯ ಟ್ರಂಕಿನದ್ದು. ರೇಷನ್ ಕಾರ್ಡ್, ಹೊಲದ ಪಹಣಿ, ಮಾರ್ಕ್ಸ್ ಕಾರ್ಡುಗಳ ನಡುವೆ ಪ್ಲಾಸ್ಟಿಕ್ ಕವರಿನಲ್ಲಿ ತಾಯಿ ಕಾರ್ಡ್ ಇರುತ್ತದೆ. ನಾಲ್ಕು ಮಡಿಕೆಯಾಗಿ, ಮಡಿಕೆ ಬಿದ್ದಲ್ಲೆಲ್ಲ ಹರಿದು, ನೀಲಿ ಶಾಯಿ ಅರ್ಧ ಮಾಸಿರುತ್ತದೆ. ಅದರಲ್ಲಿ ನೋಡಬೇಕಾದ್ದು ಒಂದೇ ಸಾಲು: ದಡಾರ. ಒಂಬತ್ತು ತಿಂಗಳಿಗೆ ಒಂದು ತಾರೀಕು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳ ನಡುವೆ ಇನ್ನೊಂದು ತಾರೀಕು ಇರಬೇಕು. ಮೊದಲನೆಯದು ಇರುತ್ತದೆ, ಎರಡನೆಯದರ ಜಾಗ ಖಾಲಿ ಇರುತ್ತದೆ. ಇಪ್ಪತ್ತೈದು ದಾಟಿದವರಲ್ಲಿ ಇದು ತೀರಾ ಸಾಮಾನ್ಯ.

ಅದಕ್ಕೆ ತಾಯಂದಿರ ಅಸಡ್ಡೆ ಕಾರಣವಲ್ಲ. ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ದಡಾರದ ಲಸಿಕೆ ಸೇರಿದ್ದು 1985ರಲ್ಲಿ, ಆಗ ಒಂದೇ ಡೋಸ್. ಎರಡನೇ ಡೋಸ್ ಹಂತಹಂತವಾಗಿ ಶುರುವಾಗಿದ್ದು 2010ರಿಂದ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶಾಲೆಯಲ್ಲೇ ಇನ್ನೊಂದು ಚುಚ್ಚುಮದ್ದು ಸಿಕ್ಕಿತು. ಅಂದರೆ 2002ರ ಆಸುಪಾಸಿನಲ್ಲಿ ಅಥವಾ ಆಮೇಲೆ ಹುಟ್ಟಿ, ಅಂದು ಶಾಲೆಗೆ ಹಾಜರಿದ್ದವರು ಒಂದಿಷ್ಟು ನಿಶ್ಚಿಂತೆಯಿಂದ ಇರಬಹುದು. ಅದಕ್ಕಿಂತ ಹಿರಿಯ ಆಟಗಾರರು, ಕೋಚ್‌ಗಳು, ಮ್ಯಾನೇಜರ್‌ಗಳು ಒಂದೇ ಡೋಸಿನ ಗುಂಪಿಗೆ ಸೇರಿದವರು. ತಂಡದಲ್ಲಿ ಲಸಿಕೆಯ ಲೆಕ್ಕ ಹಿಡಿಯುವವರು ಮಕ್ಕಳ ಕಾರ್ಡ್ ಮಾತ್ರ ಕೇಳಿ, ಕೋಚ್ ಸಾಹೇಬರನ್ನು ಬಿಟ್ಟೇಬಿಡುತ್ತಾರೆ.

ದಡಾರಕ್ಕೆ ಇಷ್ಟು ಒತ್ತು ಯಾಕೆ? ಅದರ ವೈರಸ್ ರೋಗಿ ಎದ್ದು ಹೋದ ಮೇಲೂ ಎರಡು ಗಂಟೆವರೆಗೆ ಗಾಳಿಯಲ್ಲಿ ಉಳಿಯಬಲ್ಲದು. 1991ರಲ್ಲಿ ಅಮೆರಿಕದ ಮಿನಿಯಾಪೊಲಿಸ್–ಸೇಂಟ್ ಪಾಲ್‌ನಲ್ಲಿ ಸ್ಪೆಷಲ್ ಒಲಿಂಪಿಕ್ಸ್ ನಡೆದಾಗ ಅರ್ಜೆಂಟೀನಾದ ಒಬ್ಬ ಅಥ್ಲೀಟ್ ದಡಾರ ಹೊತ್ತು ಬಂದಿದ್ದ. ಛಾವಣಿಯಿದ್ದ ಮೆಟ್ರೋಡೋಮ್ ಕ್ರೀಡಾಂಗಣದಲ್ಲಿ ಉದ್ಘಾಟನೆ. ಆಮೇಲೆ ಸೋಂಕು ಕಾಣಿಸಿಕೊಂಡವರಲ್ಲಿ ಇಬ್ಬರು ಮೇಲಂತಸ್ತಿನ ಒಂದೇ ಭಾಗದಲ್ಲಿ, ಆಟಗಾರರು ಒಳಬಂದ ಜಾಗದಿಂದ 30 ಮೀಟರಿಗೂ ದೂರ ಕೂತಿದ್ದ ಪ್ರೇಕ್ಷಕರು. 2010ರ ವ್ಯಾಂಕೂವರ್ ಚಳಿಗಾಲದ ಒಲಿಂಪಿಕ್ಸ್ ಬೆನ್ನಿಗೇ ಕೆನಡಾದ ಆ ಪ್ರಾಂತ್ಯದಲ್ಲಿ 82 ಮಂದಿಗೆ ದಡಾರ ಬಂತು. 2026ರ ಫುಟ್‌ಬಾಲ್ ವಿಶ್ವಕಪ್‌ನ ಮೂರು ಆತಿಥೇಯ ದೇಶಗಳನ್ನೇ ನೋಡಿ. ಅಮೆರಿಕದಲ್ಲಿ 2025ರಲ್ಲಿ 2,000ಕ್ಕೂ ಹೆಚ್ಚು ದಡಾರ ಪ್ರಕರಣಗಳಾದವು. ಮೆಕ್ಸಿಕೋದ ಚಿವಾವಾ ರಾಜ್ಯದಲ್ಲಿ ಅದು ದೊಡ್ಡದಾಗಿ ಹಬ್ಬಿತು. ಕೆನಡಾ 1998ರಿಂದ ಉಳಿಸಿಕೊಂಡಿದ್ದ ದಡಾರ-ಮುಕ್ತ ಪಟ್ಟವನ್ನು 2025ರ ನವೆಂಬರ್‌ನಲ್ಲಿ ಕಳೆದುಕೊಂಡಿತು. "ಮುಂದುವರಿದ ದೇಶ, ಅಲ್ಲೇನಾಗ್ತದ" ಅನ್ನುವ ನಂಬಿಕೆಯನ್ನು ಊರಲ್ಲೇ ಬಿಟ್ಟು ಹೊರಡುವುದು ಒಳ್ಳೆಯದು.

ಕಾರ್ಡ್ ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ದಾಖಲೆ ಇಲ್ಲದವರು ಲಸಿಕೆ ಆಗಿಲ್ಲ ಎಂದೇ ಲೆಕ್ಕ ಹಿಡಿದು, ನಾಲ್ಕು ವಾರ ಅಂತರದಲ್ಲಿ ಎರಡು ಡೋಸ್ ಹಾಕಿಸಿಕೊಂಡರೆ ಮುಗಿಯಿತು. ಹಿಂದೆ ಆಗಿದ್ದರೂ ಇನ್ನೊಂದು ಬಿದ್ದರೆ ಹಾನಿಯಿಲ್ಲ. ದೊಡ್ಡವರಿಗೆ ಖಾಸಗಿಯಲ್ಲಿ ಸಿಗುವ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿದ ಲಸಿಕೆ) ಹಾಕಿಸುವುದು ವಾಸಿ, ಅದರಲ್ಲಿ ಮಂಗನಬಾವಿನ ರಕ್ಷಣೆಯೂ ಸೇರಿರುತ್ತದೆ. ಸರ್ಕಾರಿ ದಡಾರ-ರುಬೆಲ್ಲಾ ಲಸಿಕೆಯಲ್ಲಿ ಅದು ಇಲ್ಲ, ಒಂದೇ ಹಾಸ್ಟೆಲಿನಲ್ಲಿ ಮಲಗುವ ತಂಡಗಳಿಗೆ ಮಂಗನಬಾವು ದೊಡ್ಡ ತಲೆನೋವು. ಗರ್ಭಿಣಿಯರಿಗೆ, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿಯಲ್ಲಿರುವವರಿಗೆ ಈ ಲಸಿಕೆ ಕೊಡುವಂತಿಲ್ಲ. ಎಂಟು ವಾರ ಮೊದಲು ಅಂದದ್ದು ಆ ನಾಲ್ಕು ವಾರದ ಅಂತರಕ್ಕಾಗಿಯೇ.

ಫ್ಲೂ ಲಸಿಕೆ, ಟೈಫಾಯಿಡ್ ಕಾಂಜುಗೇಟ್ ಲಸಿಕೆ ಎರಡಕ್ಕೂ ಹೊರಡಲು ಕನಿಷ್ಠ ಎರಡು ವಾರ ಇರಬೇಕು. ಧನುರ್ವಾಯು, ಗಂಟಲಮಾರಿ ತಡೆಯುವ ಟಿಡಿ ಚುಚ್ಚುಮದ್ದು ಹತ್ತು ವರ್ಷದೊಳಗೆ ಆಗಿದೆಯೇ ನೋಡಿಕೊಳ್ಳಿ.

ಹಂತ 2: ಹೋಗುವ ದೇಶ ಯಾವುದು, ದಾರಿಯಲ್ಲಿ ಇಳಿಯುವ ದೇಶ ಯಾವುದು?

ಆಫ್ರಿಕಾದ ಅಥವಾ ದಕ್ಷಿಣ ಅಮೆರಿಕದ ಹಲವು ದೇಶಗಳಿಗೆ ಹೋಗುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕು. ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಷ್ಟೇ ಅದು ಸಿಗುತ್ತದೆ. ಹಾಗಾಗಿ ವೀಸಾ ಓಡಾಟಕ್ಕೆ ಬೆಂಗಳೂರಿಗೆ ಹೋದಾಗಲೇ ಸ್ಲಾಟ್ ಕೇಳಿಕೊಂಡು ಮುಗಿಸಿಬಿಡಿ. ಚುಚ್ಚಿಸಿಕೊಂಡ ಹತ್ತು ದಿನದ ನಂತರ ಪತ್ರಕ್ಕೆ ಮಾನ್ಯತೆ ಬರುತ್ತದೆ, 2016ರಿಂದ ಅದು ಜೀವಮಾನಕ್ಕೆ ಸಲ್ಲುತ್ತದೆ. ಪತ್ರವಿಲ್ಲದೆ ಹಳದಿ ಜ್ವರದ ದೇಶದಿಂದ ಮರಳಿದರೆ ನಮ್ಮದೇ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಇದೂ ಎಂಎಂಆರ್‌ನಂತೆ ಜೀವಂತ ಲಸಿಕೆ, ಅಂದರೆ ಬಲ ಕುಗ್ಗಿಸಿದ ವೈರಸ್‌ನಿಂದ ಮಾಡಿದ್ದು. ಎರಡನ್ನೂ ಒಂದೇ ದಿನ ಕೊಡದಿದ್ದರೆ ನಾಲ್ಕು ವಾರ ಅಂತರ ಇರಬೇಕು.

ಪ್ರವಾಸದ ವಿಮೆಯನ್ನೂ ಈ ಹಂತದಲ್ಲೇ ಮಾಡಿಸಿ. ಆಯುಷ್ಮಾನ್ ಕಾರ್ಡು, ಯಶಸ್ವಿನಿ ಕಾರ್ಡು ಟೊರೊಂಟೊದ ಆಸ್ಪತ್ರೆಯಲ್ಲಿ ನಡೆಯುವುದಿಲ್ಲ.

ಹಂತ 3: ಹೊರಡುವ ಮುಂಚಿನ ಶಿಬಿರ – ನೀರು, ಸೊಳ್ಳೆ, ಚರ್ಮ

ತಂಡಗಳು ಸಾಮಾನ್ಯವಾಗಿ ಹೊರಡುವ ಮುನ್ನ ಒಂದೆರಡು ವಾರ ಹಾಸ್ಟೆಲಿನಲ್ಲೋ ಕ್ರೀಡಾಶಾಲೆಯಲ್ಲೋ ಶಿಬಿರ ಹೂಡುತ್ತವೆ. ಯಾರಾದರೂ ಕಾಯಿಲೆ ಹೊತ್ತುಕೊಂಡೇ ವಿಮಾನ ಹತ್ತುವುದಿದ್ದರೆ, ಅದು ಅವರಿಗೆ ಅಂಟುವುದು ಇಲ್ಲೇ.

ನೀರಿನಿಂದ ಶುರು ಮಾಡಿ. 2022ರ ಮೇ-ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದ್ದು, ಜೀವಗಳು ಹೋದದ್ದು ಈ ಭಾಗದವರಿಗೆ ಮರೆತಿಲ್ಲ. ಫಿಲ್ಟರ್ ಇದೆ ಎಂಬ ಮಾತಿಗೆ ಸುಮ್ಮನಾಗದೆ ನಲ್ಲಿಯ ತುದಿಯಲ್ಲಿ ಕ್ಲೋರಿನ್ ಪರೀಕ್ಷೆ ಮಾಡಿ. ಆರೋಗ್ಯ ಸಿಬ್ಬಂದಿಯ ಹತ್ತಿರ ಕ್ಲೋರೋಸ್ಕೋಪ್ ಎಂಬ ಪುಟ್ಟ ಪೆಟ್ಟಿಗೆ ಇರುತ್ತದೆ. ಗಾಜಿನ ನಳಿಕೆಗೆ ನೀರು ತುಂಬಿ, ಹನಿ ದ್ರಾವಣ ಬಿಟ್ಟರೆ ಹಳದಿ ಬಣ್ಣ ಬರುತ್ತದೆ. ಪಕ್ಕದ ಬಣ್ಣದ ಪಟ್ಟಿಯ ಜೊತೆ ಹೋಲಿಸಿ ಓದುವುದು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಬಣ್ಣವೇ ಬರಲಿಲ್ಲವೆಂದರೆ ಆ ನೀರು ಕುಡಿಯಲು ಬೇಡ. ಒಳ್ಳೆಯ ಬ್ಲೀಚಿಂಗ್ ಪೌಡರ್ 2.5 ಗ್ರಾಂ ಇದ್ದರೆ 1,000 ಲೀಟರಿನ ಟ್ಯಾಂಕಿಗೆ ಸಾಕು. ಸಣ್ಣ ಬಕೆಟ್ಟಿನಲ್ಲಿ ಕದಡಿ, ಗಸಿ ಕೆಳಗೆ ಕೂತ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು, ಒಂದು ಗಂಟೆ ಬಿಟ್ಟು ಬಳಸಿ. "ಒಳ್ಳೆಯ" ಅನ್ನುವುದನ್ನು ಗಮನಿಸಿ: ಬಾಯಿ ತೆರೆದ ಚೀಲದಲ್ಲಿ ವರ್ಷಗಟ್ಟಲೆ ಬಿದ್ದಿರುವ ಪುಡಿಯಲ್ಲಿ ವಾಸನೆ ಉಳಿದಿರಬಹುದು, ಕ್ಲೋರಿನ್ ಹಾರಿಹೋಗಿರುತ್ತದೆ. ಟ್ಯಾಂಕಿನ ಒಳಗೆ ಇಣುಕಿ ನೋಡುವ ಕೆಲಸವನ್ನು ವಾರ್ಡನ್‌ಗೆ ಒಪ್ಪಿಸದೆ ಮ್ಯಾನೇಜರೇ ಏಣಿ ಹತ್ತುವುದು ಲೇಸು.

ಇನ್ನು ಸೊಳ್ಳೆ. ಡೆಂಗಿ ಅಲ್ಲಿಂದ ನಮಗೆ ಬರುವುದು ಎಂದೇ ಎಲ್ಲರ ಎಣಿಕೆ, ಇಲ್ಲಿಂದ ಅಲ್ಲಿಗೂ ಹೋಗುತ್ತದೆ. ಟೋಕಿಯೋದ ಯೊಯೊಗಿ ಪಾರ್ಕಿನಲ್ಲಿ 2014ರಲ್ಲಿ ಸುಮಾರು 160 ಮಂದಿಗೆ ಡೆಂಗಿ ಬಂತು, ಜಪಾನಿನ ಒಳಗೇ ಹರಡಿದ್ದು ಹೆಚ್ಚುಕಡಿಮೆ ಎಪ್ಪತ್ತು ವರ್ಷಗಳಲ್ಲಿ ಅದೇ ಮೊದಲು. ಹೊರಗಿನಿಂದ ಬಂದವರೊಬ್ಬರ ರಕ್ತ ಅಲ್ಲಿನ ಸೊಳ್ಳೆಗೆ ಸಿಕ್ಕರೆ ಸಾಕು. 2026ರ ಏಷ್ಯನ್ ಗೇಮ್ಸ್ ಐಚಿ–ನಗೋಯಾದಲ್ಲಿ ನಿಗದಿಯಾಗಿರುವುದು ಸೆಪ್ಟೆಂಬರ್ 19ರಿಂದ ಅಕ್ಟೋಬರ್ 4ರವರೆಗೆ. ಅಲ್ಲೂ ಸೊಳ್ಳೆ ಇರುವ ಕಾಲ, ನಮ್ಮಲ್ಲಿ ಮಳೆಯ ನಂತರ ಡೆಂಗಿ ಏರುವ ಕಾಲ. ಶಿಬಿರದ ಕೂಲರ್, ಹಳೆಯ ಟೈರು, ಜಿಮ್ಮಿನ ಹಿಂದಿನ ಒಡೆದ ಸಿಂಕ್ ಇವುಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಿ. ಈ ಸೊಳ್ಳೆ ಹಗಲಲ್ಲಿ ಕಚ್ಚುವುದರಿಂದ ರಾತ್ರಿಯ ಪರದೆಯೊಂದೇ ಸಾಲದು. ಹೊರಡುವ ಹೊತ್ತಿಗೆ ಜ್ವರವಿದ್ದರೆ ಪ್ರಯಾಣ ಮುಂದೂಡಿ, ಡೆಂಗಿ ಪತ್ತೆಯ ಎನ್‌ಎಸ್1 ರಕ್ತ ಪರೀಕ್ಷೆ ಮೊದಲ ಐದು ದಿನದೊಳಗೆ ಮಾಡಿಸಿ.

ಕುಸ್ತಿ, ಜೂಡೋ, ಕಬಡ್ಡಿಯವರಿಗೆ ಮಾತ್ರ ಒಂದು ಕಿವಿಮಾತು. ಗರಡಿಯ ಮಣ್ಣಲ್ಲಾಗಲಿ ಮ್ಯಾಟಿನ ಮೇಲಾಗಲಿ ಮೈಗೆ ಮೈ ಉಜ್ಜುವ ಆಟಗಳಲ್ಲಿ ಹುಳುಕಡ್ಡಿ, ಕೀವುಗುಳ್ಳೆ, ಹರ್ಪಿಸ್ ಗುಳ್ಳೆ ಹಬ್ಬುತ್ತವೆ. ಅಂತರರಾಷ್ಟ್ರೀಯ ಕುಸ್ತಿಯಲ್ಲಿ ತೂಕ ನೋಡುವ ವೇಳೆ ವೈದ್ಯರು ಚರ್ಮವನ್ನೂ ನೋಡುತ್ತಾರೆ, ಅಂಟುವ ಗಾಯ ಕಂಡರೆ ಮ್ಯಾಟಿಗೆ ಇಳಿಸುವುದಿಲ್ಲ. ನಮ್ಮ ಹುಡುಗರು ಮಾಡುವುದೇನು? ಮೆಡಿಕಲ್ ಶಾಪಿಗೆ ಹೋಗಿ "ತುರಿಕಿ ಟ್ಯೂಬ್ ಕೊಡ್ರಿ" ಅನ್ನುತ್ತಾರೆ. ಬರುವುದು ಸ್ಟೀರಾಯ್ಡ್ ಬೆರೆತ ಮುಲಾಮು. ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಒಳಗಿನ ಶಿಲೀಂಧ್ರ ಮಾತ್ರ ಇನ್ನಷ್ಟು ಅಗಲಕ್ಕೆ ಹರಡಿ ಮುಂದೆ ಔಷಧಿಗೂ ಬಗ್ಗದ ಹಾಗೆ ಆಗುತ್ತದೆ. ಸರಿಯಾದ ಚಿಕಿತ್ಸೆಗೆ ವಾರಗಳು ಹಿಡಿಯುತ್ತವೆ. ಅದಕ್ಕೇ ತಿಂಗಳು ಮೊದಲೇ ಚರ್ಮದ ವೈದ್ಯರಿಗೆ ತೋರಿಸಿ. ಟವೆಲ್, ಮೊಣಕಾಲು ಪಟ್ಟಿ, ರೇಜರ್ ಯಾರದ್ದು ಅವರವರದ್ದೇ.

ಹಂತ 4: ಔಷಧಿ ಚೀಲ, ಮತ್ತು ಸಲೈನ್ ಬಾಟಲಿಯ ಅಪಾಯ

ಪ್ರೇಕ್ಷಕರಾಗಿ ಹೋಗುವವರ ಚೀಲ ಸರಳ: ಪ್ಯಾರಾಸಿಟಮಾಲ್, ಓಆರ್‌ಎಸ್ ಪೊಟ್ಟಣ, ಥರ್ಮಾಮೀಟರ್, ಸೋಪು, ಸೊಳ್ಳೆ ಮುಲಾಮು, ನಾಲ್ಕಾರು ಮಾಸ್ಕು, ನಿತ್ಯದ ಬಿಪಿ-ಶುಗರ್ ಮಾತ್ರೆ ವೈದ್ಯರ ಚೀಟಿಯ ಸಮೇತ. ಜಪಾನಿಗೆ ಒಂದು ತಿಂಗಳಿಗಿಂತ ಹೆಚ್ಚಿನ ಮಾತ್ರೆ ಒಯ್ಯಬೇಕಾದರೆ ಮುಂಚೆಯೇ ಅನುಮತಿ ಬೇಕು, ಕೆಲವು ಶೀತದ ಮಾತ್ರೆಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಜ್ವರಕ್ಕೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ. ಡೆಂಗಿ ಆಗಿದ್ದರೆ ರಕ್ತಸ್ರಾವದ ಭಯ.

ಆಟಗಾರರ ಮಾತು ಬೇರೆ. ಸೋಂಕಿಗೆ ತಗೊಂಡ ಔಷಧಿಯೇ ಡೋಪಿಂಗ್ ಆಗಿಬಿಡಬಹುದು. ನಮ್ಮಲ್ಲಿ ಜ್ವರ ಬಂದು ಸುಸ್ತಾದರೆ "ಒಂದು ಬಾಟ್ಲಿ ಏರಸ್ರಿ" ಅನ್ನುವುದು ರೂಢಿ. ವಾಡಾ (ವಿಶ್ವ ಡೋಪಿಂಗ್ ತಡೆ ಸಂಸ್ಥೆ) ನಿಯಮದಲ್ಲಿ ಹನ್ನೆರಡು ಗಂಟೆಯೊಳಗೆ 100 ಮಿಲಿಗಿಂತ ಹೆಚ್ಚು ದ್ರವವನ್ನು ನರಕ್ಕೆ ಏರಿಸುವುದು ಸ್ಪರ್ಧೆ ಇರಲಿ ಇಲ್ಲದಿರಲಿ ನಿಷಿದ್ಧ. ಆಸ್ಪತ್ರೆಯ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ರೋಗ ಪತ್ತೆಯ ಪರೀಕ್ಷೆಗಳಿಗಷ್ಟೇ ವಿನಾಯಿತಿ. ಸಾಮಾನ್ಯ ಬಾಟಲಿಯಲ್ಲಿ ಇರುವುದು 500 ಮಿಲಿ. ಕೋಣೆಯಲ್ಲಿ ಮೊಳೆಗೆ ನೇತುಹಾಕಿ ಏರಿಸಿಕೊಂಡರೆ ಆಟದ ಬದುಕೇ ಹೋಗಬಹುದು. ಜ್ವರ ಬೇಗ ಇಳಿಯಲೆಂದು ಚುಚ್ಚುವ ಡೆಕ್ಸಾ ಇಂಜೆಕ್ಷನ್, ನುಂಗಲು ಕೊಡುವ ಪ್ರೆಡ್ನಿಸೋಲೋನ್ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ. ಸೂಡೊಎಫೆಡ್ರಿನ್ ಇರುವ ಶೀತದ ಮಾತ್ರೆ ಮೂತ್ರದಲ್ಲಿ ಮಿಲಿಲೀಟರಿಗೆ 150 ಮೈಕ್ರೋಗ್ರಾಂ ದಾಟಿದರೆ ಸಿಕ್ಕಿಬಿದ್ದಂತೆಯೇ. ನಮ್ಮ ದೇಶದ ಡೋಪಿಂಗ್ ತಡೆ ಸಂಸ್ಥೆಯಾದ ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪಿನಲ್ಲಿ ಔಷಧಿಯ ಹೆಸರು ಹಾಕಿ ನೋಡಿ, ಅನುಮಾನ ಇದ್ದರೆ ತಂಡದ ವೈದ್ಯರನ್ನು ಕೇಳಿಯೇ ನುಂಗಿ.

ಹಂತ 5: ಅಲ್ಲಿ ಇರುವಾಗ

ಕೊಪ್ಪಳದ ಗವಿಮಠದ ಜಾತ್ರೆ ನೋಡಿದವರಿಗೆ ಜನಸಾಗರ ಹೊಸದಲ್ಲ. ಆದರೆ ಅಲ್ಲಿ ರಥದ ಮೈದಾನದ ಮೇಲೆ ಬಯಲು ಆಕಾಶವಿರುತ್ತದೆ. ಕ್ರೀಡಾಕೂಟದಲ್ಲಿ ಅಪಾಯ ಹೆಚ್ಚಿರುವುದು ಗ್ಯಾಲರಿಗಿಂತ ಮೆಟ್ರೋ, ಬಸ್ಸು, ಬಾರು, ನಾಲ್ವರು ಮಲಗುವ ಕೋಣೆಗಳಲ್ಲಿ. 2020ರ ಫೆಬ್ರವರಿ 19ರಂದು ಮಿಲಾನ್‌ನ ಸ್ಯಾನ್ ಸಿರೊದಲ್ಲಿ ಅಟಲಾಂಟಾ–ವೆಲೆನ್ಸಿಯಾ ಪಂದ್ಯಕ್ಕೆ ಬೆರ್ಗಾಮೊದಿಂದ ಸುಮಾರು 40,000 ಜನ ಹೋಗಿದ್ದರು. ಮುಂದೆ ಬೆರ್ಗಾಮೊ ಕೋವಿಡ್‌ಗೆ ನಲುಗಿದಾಗ ಆ ರಾತ್ರಿಯ ಪ್ರಯಾಣ, ಸಂಭ್ರಮಗಳ ಮೇಲೆ ಬೆರಳು ತೋರಿಸಿದವರು ಬಹಳ. ಗಾಳಿಯಾಡದ ಕಡೆ ಮಾಸ್ಕ್ ಹಾಕಿ, ಕೋಣೆಯ ಕಿಟಕಿ ತೆರೆದಿಡಿ. ಪ್ಯಾರಿಸ್ 2024ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಓಟಗಾರ ನೋವಾ ಲೈಲ್ಸ್ ಕೋವಿಡ್ ಇದ್ದೇ 200 ಮೀಟರ್ ಓಡಿ ಕಂಚಿಗೆ ಇಳಿದದ್ದನ್ನು ಎಲ್ಲರೂ ನೋಡಿದ್ದೇವೆ, ಶೌರ್ಯ ಅಂದರು. ವೈದ್ಯನಾಗಿ ನನಗೆ ಅದು ಹಿಡಿಸಲಿಲ್ಲ. ಜ್ವರದಲ್ಲಿ ಓಡಿದರೆ ಹೃದಯದ ಸ್ನಾಯುವಿಗೂ ಉರಿಯೂತ ಬರಬಹುದು.

ಊಟಕ್ಕೆ ಸಂಬಂಧಿಸಿ ಒಂದೇ ನಿಯಮ: ಬಿಸಿಯಾಗಿ ಹಬೆಯಾಡುತ್ತಿರಬೇಕು, ಇಲ್ಲವೇ ನೀವೇ ಸಿಪ್ಪೆ ಸುಲಿದ ಹಣ್ಣಾಗಿರಬೇಕು. ಕಟಕ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಒಯ್ದರೆ ನಾಲ್ಕು ದಿನಕ್ಕೆ ಆಧಾರ. ತೇವವಿಲ್ಲದ ತಿನಿಸಿನಲ್ಲಿ ರೋಗಾಣು ಸುಲಭಕ್ಕೆ ಬೆಳೆಯುವುದಿಲ್ಲ, ಆದರೆ ಆ ದೇಶದ ಕಸ್ಟಮ್ಸ್ ನಿಯಮ ಮೊದಲೇ ನೋಡಿಕೊಳ್ಳಿ. ನೀರಿನ ಬಾಟಲಿಗೆ ಹೆಸರು ಬರೆದಿಡಿ. "ಎತ್ತಿ ಕುಡಿತೀನಿ" ಅನ್ನುವವರ ಕೈಗೂ ಕೊಡಬೇಡಿ.

ಕೈಗೆ ಸೋಪು. ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ತಟ್ಟುವುದಿಲ್ಲ. ನೀರು, ಸೋಪು, ಇಪ್ಪತ್ತು ಸೆಕೆಂಡು ಉಜ್ಜುವುದೇ ಗತಿ.

ಟ್ರಯಥ್ಲಾನ್, ತೆರೆದ ನೀರಿನ ಈಜಿನವರು ನೀರಿನ ವರದಿ ಕೇಳಿ. ಪ್ಯಾರಿಸ್‌ನ ಸೀನ್ ನದಿಯ ನೀರು ಕೆಟ್ಟಿದ್ದಕ್ಕೆ ಪುರುಷರ ಟ್ರಯಥ್ಲಾನ್ ಒಂದು ದಿನ ಮುಂದಕ್ಕೆ ಹೋಯಿತು. ಮಲೇಷ್ಯಾದ ಸಬಾದಲ್ಲಿ 2000ನೇ ಇಸವಿಯ ಇಕೋ-ಚಾಲೆಂಜ್ ಸಾಹಸ ಸ್ಪರ್ಧೆಯಲ್ಲಿ ಸೆಗಾಮಾ ನದಿಗೆ ಇಳಿದವರಲ್ಲಿ ಅನೇಕರಿಗೆ ಇಲಿಜ್ವರ ಬಂದು, ಅವರು ತಮ್ಮ ತಮ್ಮ ದೇಶಕ್ಕೆ ಮರಳಿದ ಮೇಲೆ ಪತ್ತೆಯಾಯಿತು. ಗಾಯವಿದ್ದರೆ ಜಲನಿರೋಧಕ ಪಟ್ಟಿ ಅಂಟಿಸಿ, ನೀರು ನುಂಗಬೇಡಿ. ಮಳೆ ಬಂದ ಮರುದಿನ ಅಭ್ಯಾಸಕ್ಕೆ ಇಳಿಯಬೇಡಿ.

ಒಲಿಂಪಿಕ್ಸ್ ಗ್ರಾಮಗಳಲ್ಲಿ 1988ರ ಸೋಲ್ ಕೂಟದಿಂದಲೂ ಕಾಂಡೋಮ್ ಹಂಚುತ್ತಾರೆ, ರಿಯೋದಲ್ಲಿ 4.5 ಲಕ್ಷ. ಪೋಷಕರು ಮುಖ ತಿರುಗಿಸದೆ ಮಕ್ಕಳಿಗೆ ಹೇಳಿಕೊಡಬೇಕಾದ ಸಂಗತಿ ಇದು.

ಹಂತ 6: ತಂಡದಲ್ಲಿ ಒಬ್ಬರಿಗೆ ಶುರುವಾದರೆ

ಮುಚ್ಚಿಡಬೇಡಿ. ಆಡಲು ಬಿಡುವುದಿಲ್ಲ ಎಂಬ ಹೆದರಿಕೆಗೆ ಆಟಗಾರರು ವಾಂತಿಯನ್ನೂ ಅಡಗಿಸುತ್ತಾರೆ. 2017ರ ಲಂಡನ್ ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಬೋಟ್ಸ್‌ವಾನಾದ ಐಸಾಕ್ ಮಕ್ವಾಲಾರನ್ನು 48 ಗಂಟೆ ಪ್ರತ್ಯೇಕವಾಗಿ ಇರಿಸಿದ್ದರಿಂದ 400 ಮೀಟರ್ ಫೈನಲ್ ತಪ್ಪಿತು. ಆಮೇಲೆ 200 ಮೀಟರಿಗೆ ಮಳೆಯಲ್ಲಿ ಒಬ್ಬರೇ ಗಡಿಯಾರದ ವಿರುದ್ಧ ಓಡಿ ಅರ್ಹತೆ ಪಡೆದರು. ಅವರಿಗಾದ ಸಂಕಟ ದೊಡ್ಡದು, ಆದರೆ ಆ 48 ಗಂಟೆಯ ನಿಯಮ ಸುಮ್ಮನೆ ಬಂದದ್ದಲ್ಲ: ವಾಂತಿ-ಭೇದಿ ನಿಂತ ಮೇಲೂ ಎರಡು ದಿನ ಅವರಿಂದ ಇತರರಿಗೆ ಅಂಟಬಹುದು.

ಕೋಣೆ ಬೇರೆ, ಶೌಚಾಲಯ ಬೇರೆ, ಊಟ ಕೋಣೆಗೇ. ವಾಂತಿ ಬಿದ್ದಲ್ಲಿ ಕೈಗವಸು ತೊಟ್ಟು ಕಾಗದದಿಂದ ಎತ್ತಿ, 5 ಶೇಕಡಾ ಬ್ಲೀಚ್‌ನ ಒಂದು ಭಾಗಕ್ಕೆ ಐವತ್ತು ಭಾಗ ನೀರು ಸೇರಿಸಿ ಒರೆಸಿ. ಪೊರಕೆ ಹಿಡಿದು ಗುಡಿಸಬೇಡಿ. ಓಆರ್‌ಎಸ್ ಪೊಟ್ಟಣವೊಂದಕ್ಕೆ ಪೂರ್ತಿ ಒಂದು ಲೀಟರ್ ನೀರು, ಲೋಟಕ್ಕೆ ಚೂರುಚೂರು ಹಾಕಿ ಕಲಸುವುದಲ್ಲ. ಭೇದಿಯಲ್ಲಿ ರಕ್ತ, ಆರು ಗಂಟೆ ಮೂತ್ರ ಇಲ್ಲದಿರುವುದು, ಬೆಳಕು ನೋಡಲಾಗದ ತಲೆನೋವು, ಕುತ್ತಿಗೆ ಬಿಗಿತ ಕಂಡರೆ ಕ್ರೀಡಾಕೂಟದ ವೈದ್ಯಕೀಯ ಕೇಂದ್ರಕ್ಕೆ ತಕ್ಷಣ ಒಯ್ಯಿರಿ.

ಹಂತ 7: ಊರಿಗೆ ಮರಳಿದ ಮೂರು ವಾರ

ಪದಕ ಬಂದರೆ ನಮ್ಮಲ್ಲಿ ರೈಲ್ವೆ ಸ್ಟೇಷನ್ನಿನಿಂದಲೇ ಮೆರವಣಿಗೆ ಶುರು. ತೆರೆದ ಜೀಪು, ಹಾರ, ಶಾಲು. ಆಮೇಲೆ ವೇದಿಕೆಯಲ್ಲಿ ಒಂದು ಪೇಡೆ. ಅಧ್ಯಕ್ಷರು ತಿನ್ನಿಸಿ ಉಳಿದ ಅರ್ಧವನ್ನು ಉಪಾಧ್ಯಕ್ಷರು ತಿನ್ನಿಸುತ್ತಾರೆ, ಅದೇ ಬೆರಳಿನಿಂದ ಮುಂದಿನವರಿಗೆ. ಗಂಟಲು ಕೆರೆತ, ಮೈಕೈ ನೋವು ಇದ್ದರೆ ಸನ್ಮಾನವನ್ನು ಒಂದು ವಾರ ಮುಂದಕ್ಕೆ ಹಾಕಿಸಿಕೊಳ್ಳಿ, ಶಾಲು ಎಲ್ಲೂ ಹೋಗುವುದಿಲ್ಲ.

ದಿನ ಎಣಿಸುವುದು ಹೀಗೆ. ನೊರೊವೈರಸ್ ಒಂದೆರಡು ದಿನದಲ್ಲೇ ಗೊತ್ತಾಗುತ್ತದೆ, ಫ್ಲೂ ನಾಲ್ಕು ದಿನದೊಳಗೆ. ಡೆಂಗಿಗೆ ನಾಲ್ಕರಿಂದ ಹತ್ತು ದಿನ. ದಡಾರಕ್ಕೆ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು, ಕೆಲವೊಮ್ಮೆ ಇಪ್ಪತ್ತೊಂದು ದಿನ. ಟೈಫಾಯಿಡ್ ಮತ್ತು ಇಲಿಜ್ವರ ತಿಂಗಳವರೆಗೂ ಎಳೆಯಬಹುದು. ಮಲೇರಿಯಾ ಇರುವ ದೇಶಕ್ಕೆ ಹೋಗಿದ್ದರೆ ತಿಂಗಳುಗಳ ನಂತರ ಜ್ವರ ಬಂದರೂ ರಕ್ತ ಪರೀಕ್ಷೆ ಬೇಕು.

ಜ್ವರದ ಜೊತೆ ಮೈಮೇಲೆ ಕೆಂಪು ಗುಳ್ಳೆ ಎದ್ದರೆ ನೇರವಾಗಿ ಓಪಿಡಿ ಸಾಲಿಗೆ ನಿಲ್ಲಬೇಡಿ. ಗುಳ್ಳೆ ಏಳುವ ನಾಲ್ಕು ದಿನ ಮೊದಲಿನಿಂದ, ಎದ್ದ ನಾಲ್ಕು ದಿನದವರೆಗೆ ದಡಾರ ಅಂಟುತ್ತದೆ. ಆ ಸಾಲಿನಲ್ಲಿ ಲಸಿಕೆಯ ವಯಸ್ಸಿಗೆ ಬಾರದ ಕೂಸುಗಳು ಇರುತ್ತವೆ. ಮೊದಲು ಫೋನ್ ಮಾಡಿ, ಅಥವಾ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ ಕೇಳಿ. ಮನೆಯಲ್ಲಿ ಒಂಬತ್ತು ತಿಂಗಳೊಳಗಿನ ಮಗು, ಗರ್ಭಿಣಿ ಸೊಸೆ ಇದ್ದರೆ ಅವರನ್ನು ಬೇರೆ ಕೋಣೆಯಲ್ಲಿ ಇರಿಸಿ.

ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ಒಳಗೆ ಹೋದ ತಕ್ಷಣ, ಕೇಳುವ ಮುಂಚೆಯೇ, ಮೂರು ಸಂಗತಿ ಹೇಳಿ: ಯಾವ ದೇಶಕ್ಕೆ ಹೋಗಿದ್ದು, ಎಂದು ಮರಳಿದ್ದು, ಅಲ್ಲಿ ನದಿಗೋ ಕೆರೆಗೋ ಇಳಿದಿದ್ದಿರಾ ಎಂಬುದು. "ಎರಡು ದಿನದಿಂದ ಜ್ವರ" ಎಂದಷ್ಟೇ ಹೇಳಿದರೆ ಟೈಫಾಯಿಡ್ ಮಾತ್ರೆ ಬರೆದು ಕಳಿಸುವ ಸಾಧ್ಯತೆಯೇ ಹೆಚ್ಚು. ಲಸಿಕೆಯ ಕಾರ್ಡು, ಪಾಸ್‌ಪೋರ್ಟಿನ ಫೋಟೊ ಮೊಬೈಲಿನಲ್ಲಿ ಇರಲಿ. ಜೊತೆಗೆ ಹೋದ ತಂಡದವರ ವಾಟ್ಸ್‌ಆ್ಯಪ್ ಗುಂಪನ್ನು ಇಪ್ಪತ್ತೊಂದು ದಿನ ಮುಗಿಯುವವರೆಗೆ ಅಳಿಸಬೇಡಿ. ಒಬ್ಬರಿಗೆ ಏನಾದರೂ ದೃಢಪಟ್ಟರೆ ಉಳಿದವರಿಗೆ ಆ ದಿನವೇ ತಿಳಿಸುವುದಕ್ಕೆ ಅದಕ್ಕಿಂತ ಸುಲಭದ ದಾರಿ ಇಲ್ಲ.